ಲಿಫ್ಟ್ ಸಾರ್ ನೋಡದ ಕಂತು

ಹೋದ ತಿಂಗಳು ಕೋಲಾರದಲ್ಲಿ ನಾದಿನಿಯ ಮಗಳ ಮದುವೆ. ಧಾರೆ ಎರಡನೇ ಮಹಡಿಯಲ್ಲಿ, ಊಟ ಮೂರನೆಯದರಲ್ಲಿ. ನನ್ನ ಮಂಡಿಗಳು ಈಚೆಗೆ ನನ್ನ ಮಾತು ಕೇಳುವುದನ್ನು ಬಿಟ್ಟಿವೆ, ಹಾಗಾಗಿ ಲಿಫ್ಟ್ ಹುಡುಕಿಕೊಂಡು ಹೋದೆ. ಅದರ ಬಾಗಿಲಿಗೆ ಒಂದು ರಟ್ಟು ನೇತುಹಾಕಿದ್ದರು. ಮೇಲೆ ಸ್ಕೆಚ್ ಪೆನ್ನಿನಲ್ಲಿ 'ಲಿಫ್ಟ್ ಕೆಟ್ಟಿದೆ' ಎಂದು ಬರೆದಿತ್ತು. ಓದಿದವಳೇ ಜೋರಾಗಿ ನಕ್ಕುಬಿಟ್ಟೆ. ಅಕ್ಕಪಕ್ಕದವರೆಲ್ಲ ತಿರುಗಿ ನೋಡಿದರು.

"ಏನತ್ತಿಗೆ, ಲಿಫ್ಟ್ ಕೆಟ್ಟಿದ್ರೆ ಯಾರಾದ್ರೂ ನಗ್ತಾರಾ?" ಎಂದಳು ನಾದಿನಿ.

"ಮೆಟ್ಟಿಲಿದೆಯಲ್ಲ ಸ್ವಾಮಿ," ಅಂದೆ.

ಅವಳಿಗೆ ಅರ್ಥವಾಗಲಿಲ್ಲ. ಅರ್ಥವಾಗುತ್ತಿದ್ದವರು ಒಬ್ಬರಿದ್ದರು, ಅವರು ಹೋಗಿ ಆರು ತಿಂಗಳಾಯಿತು. ಸೆರಗು ಸಿಕ್ಕಿಸಿಕೊಂಡು, ಕಂಬಿ ಹಿಡಿದುಕೊಂಡು ಮೂರು ಮಹಡಿ ಹತ್ತುವಷ್ಟು ಹೊತ್ತೂ ನಾನು ಅವರನ್ನೇ ನೆನೆಯುತ್ತಿದ್ದೆ.

ಅವರ ಹೆಸರು ಹೇಳುವುದಿಲ್ಲ. ಹೇಳಿದರೂ ಶ್ರೀನಿವಾಸಪುರದ ಸುತ್ತಮುತ್ತ ಬಹಳ ಜನಕ್ಕೆ ಗೊತ್ತಾಗಲಿಕ್ಕಿಲ್ಲ. ರೇಷ್ಮೆ ಇಲಾಖೆಯ ರಿಜಿಸ್ಟರಿನಲ್ಲಿ ಅವರಿಗೊಂದು ಹೆಸರಿತ್ತು, ಹುಳ ಸಾಕುವವರ ಮನೆಗಳಲ್ಲಿ ಮಾತ್ರ ಅವರು 'ಲಿಫ್ಟ್ ಸಾರ್'. ಪಾಪ, ದಾರಿಯಲ್ಲಿ ಸಿಕ್ಕವರನ್ನೆಲ್ಲ ಬೈಕಿಗೆ ಹತ್ತಿಸಿಕೊಳ್ಳುವ ಪುಣ್ಯಾತ್ಮ ಇರಬೇಕು ಎಂದು ಹೊಸಬರು ತಿಳಿಯುತ್ತಿದ್ದರು. ಅವರು ಯಾರನ್ನೂ ಹತ್ತಿಸಿಕೊಳ್ಳುತ್ತಿರಲಿಲ್ಲ. ಹಿಂದಿನ ಸೀಟಿನಲ್ಲಿ ಯಾವಾಗಲೂ ಒಂದು ಸುಣ್ಣದ ಪುಡಿ ಚೀಲ ಕೂತಿರುತ್ತಿತ್ತು, ಅದಕ್ಕೊಂದು ಹಗ್ಗ ಬಿಗಿದಿರುತ್ತಿತ್ತು.

ಹೆಸರು ಬಂದದ್ದು ಒಂದು ಟೀವಿ ಧಾರಾವಾಹಿಯಿಂದ. 'ಲಿಫ್ಟ್ ಕೆಟ್ಟಿದೆ' ಎಂದೇ ಅದರ ಹೆಸರು. ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಅರ್ಧ ಗಂಟೆ ಬರುತ್ತಿತ್ತು. ಬೆಂಗಳೂರಿನ ಒಂದು ಹಳೇ ಅಪಾರ್ಟ್‌ಮೆಂಟು, ಅಲ್ಲಿ ಒಂದು ದಿನವೂ ಓಡದ ಲಿಫ್ಟು, ಅದರ ಸುತ್ತ ಜಗಳವಾಡುವ ಹತ್ತು ಮನೆ. ಯಾರು ಏನು ದೂರು ತಂದರೂ ಅಲ್ಲಿನ ಸೆಕ್ರೆಟರಿ ಶೇಷಗಿರಿ ಮೂಗಿನ ಮೇಲಿನ ಕನ್ನಡಕ ಸರಿಮಾಡಿಕೊಂಡು, "ಮೆಟ್ಟಿಲಿದೆಯಲ್ಲ ಸ್ವಾಮಿ" ಎನ್ನುತ್ತಿದ್ದ. ನಲ್ಲಿಯಲ್ಲಿ ನೀರು ಬರದಿದ್ದರೂ ಅದೇ ಮಾತು, ಮಗಳಿಗೆ ಗಂಡು ಸಿಗದಿದ್ದರೂ ಅದೇ ಮಾತು. ಊರಿಗೆ ಊರೇ ಮುಗಿಬಿದ್ದು ನೋಡಿದ ಧಾರಾವಾಹಿಯೇನಲ್ಲ ಅದು. ನೋಡಿದವರು ಸ್ವಲ್ಪ ಜನ. ಆದರೆ ಆ ಸ್ವಲ್ಪ ಜನ ಇವತ್ತಿಗೂ ಎಲ್ಲಾದರೂ ಸಿಕ್ಕರೆ ಒಂದೇ ಮಾತಿನಲ್ಲಿ ಒಬ್ಬರನ್ನೊಬ್ಬರು ಗುರುತು ಹಿಡಿದುಬಿಡುತ್ತಾರೆ.

ನಾನು ಶ್ರೀನಿವಾಸಪುರದ ಆ ಕಚೇರಿಗೆ ಟೈಪಿಸ್ಟ್ ಆಗಿ ಸೇರಿದಾಗ ನನಗೆ ಇಪ್ಪತ್ತಮೂರು, ಅವರಿಗೆ ನಲವತ್ತು ದಾಟಿತ್ತು. ಅವರದು ರೇಷ್ಮೆ ಪ್ರದರ್ಶಕರ ಕೆಲಸ. ಹಳ್ಳಿ ಹಳ್ಳಿಗೆ ಹೋಗಿ ಹುಳ ನೋಡುವುದು, ರೋಗ ಬಂದರೆ ಹೇಳುವುದು, ಬರದ ಹಾಗೆ ಮಾಡುವುದು. ಕುಳ್ಳಗೆ, ದುಂಡಗೆ ಇದ್ದರು. ನಡೆಯುವಾಗ ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದರು. ಹುಳದ ಮನೆಗೆ ಹೋಗುವ ದಿನ ಮುಖಕ್ಕೆ ಪೌಡರು ಹಾಕುತ್ತಿರಲಿಲ್ಲ, ಊದುಬತ್ತಿ ಹಚ್ಚಿದ ಕೋಣೆಯಲ್ಲಿ ಕೂಡ ನಿಲ್ಲುತ್ತಿರಲಿಲ್ಲ. ಹುಳಕ್ಕೆ ವಾಸನೆ ಆಗದು. "ದೇವರಿಗೆ ಕೈ ಮುಗೀದೆ ಬಂದಿದೀನಮ್ಮ, ನಿಮ್ಮ ಹುಳಕ್ಕೋಸ್ಕರ," ಎಂದು ಮನೆಯವರಿಗೆ ಲೆಕ್ಕ ಒಪ್ಪಿಸುತ್ತಿದ್ದರು.

ಹುಟ್ಟಿದ್ದು ಮಾಲೂರು ಕಡೆ, ಶಿವಾರಪಟ್ಟಣದಲ್ಲಿ. ಮನೆತನಕ್ಕೇ ಕಲ್ಲು ಕೆತ್ತುವ ಕೆಲಸ. ಇವರ ಕೈಗೆ ಮಾತ್ರ ಉಳಿ ಹತ್ತಲಿಲ್ಲವಂತೆ. "ನಮ್ಮಪ್ಪ ಒಂದು ದೇವರ ತುಟೀಲಿ ನಗು ತರೋಕೆ ಮೂರು ದಿನ ತಗೋತಿದ್ದ ಕಣಮ್ಮ. ಈ ಶೇಷಗಿರಿ ನೋಡು, ಬಾಯಿ ಬಿಟ್ರೆ ಸಾಕು," ಎಂದು ಒಮ್ಮೆ ಹೇಳಿದ್ದರು. ಧಾರಾವಾಹಿಯ ಬಗ್ಗೆ ಅವರಿಗಿದ್ದದ್ದು ಬರೀ ಹುಚ್ಚು ಎಂದು ಆವರೆಗೆ ನಾನು ತಿಳಿದಿದ್ದೆ. ಕಸುಬಿನವರು ಕಸುಬಿನವರನ್ನು ನೋಡುವ ಹಾಗೆ ನೋಡುತ್ತಿದ್ದರು ಎಂದು ಆಮೇಲೆ ಗೊತ್ತಾಯಿತು.

ಭಾನುವಾರದ ವ್ರತ ದೊಡ್ಡದು. ಒಂಬತ್ತಕ್ಕೇ ಸ್ನಾನ, ಇಸ್ತ್ರಿ ಮಾಡಿದ ಅಂಗಿ. ಟೀವಿ ಮುಂದೆ ಕಬ್ಬಿಣದ ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಿದ್ದರು, ಒರಗುತ್ತಿರಲಿಲ್ಲ. ಅವರ ಹೆಂಡತಿ, ನಾವೆಲ್ಲ ಅಕ್ಕ ಎನ್ನುತ್ತಿದ್ದವರು, ಆ ಹೊತ್ತಿನಲ್ಲಿ ಮಿಕ್ಸಿ ಹಾಕುವಂತಿಲ್ಲ, ಒಗ್ಗರಣೆ ಚಟಪಟ ಎನ್ನುವಂತಿಲ್ಲ. "ಮದುವೇಲಿ ಇಷ್ಟು ಹೊತ್ತು ಸುಮ್ನೆ ಕೂತಿರ್ಲಿಲ್ಲ ಇವರು," ಎಂದು ಅಕ್ಕ ನಗುತ್ತಿದ್ದರು. ಮಾತು ಮುಗಿಯುವ ಮುಂಚೆ ಯಾರಾದರೂ ನಕ್ಕರೆ ಸಾರ್‌ಗೆ ಕೋಪ ಬರುತ್ತಿತ್ತು. ನಮ್ಮ ಮೇಲಧಿಕಾರಿ ಒಮ್ಮೆ ಅವರ ಮನೆಗೆ ಬಂದಿದ್ದವರು ಅವಸರಪಟ್ಟು ನಕ್ಕದ್ದಕ್ಕೆ, "ಸಾರ್, ಇನ್ನೂ ಬಂದಿಲ್ಲ, ತಡೀರಿ" ಎಂದು ಗದರಿದ್ದರು. ಆ ವರ್ಷ ಸಾರ್‌ಗೆ ಮುಳಬಾಗಿಲಿನ ಗಡಿ ಹಳ್ಳಿಗಳ ಕೆಲಸವನ್ನೂ ಹಚ್ಚಿದರು. ಕಾರಣ ಇದೇ ಎಂದು ನಾವು ನಂಬಿದ್ದೆವು. ಅವರೇನೂ ಬೇಜಾರು ಮಾಡಿಕೊಳ್ಳಲಿಲ್ಲ. "ಮೆಟ್ಟಿಲಿದೆಯಲ್ಲ ಸ್ವಾಮಿ," ಎಂದು ಬೈಕು ಒದ್ದರು.

ಆಗ ಕರೆಂಟು ಸರದಿ ಮೇಲೆ ಬರುತ್ತಿತ್ತು. ಶನಿವಾರ ಸಂಜೆಯೇ ಯಾವ ಊರಿಗೆ ಬೆಳಿಗ್ಗೆ ಕರೆಂಟು, ಯಾವ ಊರಿಗೆ ಮಧ್ಯಾಹ್ನ ಎಂದು ಲೈನ್‌ಮನ್ ಹತ್ತಿರ ವಿಚಾರಿಸಿಕೊಂಡು, ಶ್ರೀನಿವಾಸಪುರದಲ್ಲಿ ಇಲ್ಲದಿದ್ದರೆ ಇರುವ ಊರಿಗೆ ಹೊರಡುತ್ತಿದ್ದರು. ಹಾಗೇ ಒಂದು ಸಲ ಆವನಿಯವರೆಗೆ ಹೋಗಿ, ಗುರುತು ಪರಿಚಯ ಇಲ್ಲದ ಮನೆಯ ಬಾಗಿಲಲ್ಲಿ ನಿಂತು, "ಅಮ್ಮಾ, ಟೀವಿ ಐತಲ್ಲ ನಿಮ್ಮನೇಲಿ? ಅರ್ಧ ಗಂಟೆ ನೋಡ್ಬೇಕಾಗಿತ್ತು" ಎಂದರಂತೆ. ಇಸ್ತ್ರಿ ಅಂಗಿ, ಜೇಬಿನಲ್ಲಿ ಪೆನ್ನು ನೋಡಿದ ಆ ಮನೆಯಾಕೆ ಇವರು ಕೇಬಲ್ ತಪಾಸಣೆಗೆ ಬಂದವರೆಂದು ಹೆದರಿ, "ಟೀವಿನಾ? ನಮ್ಮನೇಲಾ?" ಎಂದು ಬಾಗಿಲಿಗೆ ಅಡ್ಡ ನಿಂತರು. ಒಳಗೆ ಅವರ ಗಂಡ ಪಕ್ಕದ ಮನೆಯಿಂದ ಎಳೆದಿದ್ದ ವೈರನ್ನು ಕಿತ್ತು ಮೊರದ ಕೆಳಗೆ ಬಚ್ಚಿಟ್ಟರು. ಇವರು ಅಳುವುದೊಂದು ಬಾಕಿ. ಕೊನೆಗೆ ನಿಜ ಹೇಳಿ, ಅವರೇ ಕೂತು ವೈರು ಸಿಕ್ಕಿಸಿಕೊಟ್ಟು, ಆರು ನಿಮಿಷ ತಪ್ಪಿದ ಮೇಲೆ ನೋಡಿದರಂತೆ. ಋಣ ಇಟ್ಟುಕೊಳ್ಳಬಾರದೆಂದು ಎದ್ದು ಹೋಗುವಾಗ ಅವರ ಹುಳ ನೋಡಿ, "ಹುಳ ಒತ್ತೊತ್ತಾಗವೆ, ತಟ್ಟೆ ಜಾಸ್ತಿ ಮಾಡಿ" ಎಂದು ಹೇಳಿ ಬಂದರು. ಆ ಮನೆಯವರು ಆಮೇಲೆ ಪ್ರತಿ ವರ್ಷ ಅವರಿಗೆ ಅವರೆಕಾಯಿ ಕಳಿಸುತ್ತಿದ್ದರು.

ಹುಳದ ವಿಷಯ ಹೇಳುವುದಕ್ಕೂ ಅವರಿಗೆ ಅದೇ ಅಪಾರ್ಟ್‌ಮೆಂಟು ಬೇಕು. ರೇಷ್ಮೆ ಹುಳ ಪೊರೆ ಬಿಡುವ ಮುಂಚೆ ಸೊಪ್ಪು ಮುಟ್ಟದೆ, ತಲೆ ಎತ್ತಿಕೊಂಡು ಕದಲದೆ ಕೂರುತ್ತದೆ. ಅದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ಹೊಸದಾಗಿ ಸಾಕುವವರು ಹೆದರಿ ಓಡಿ ಬಂದರೆ, "ಏನಾಗಿಲ್ಲಮ್ಮ, ಸೆಕ್ರೆಟರಿ ಮೀಟಿಂಗ್ ಕರೆದಿದಾನೆ, ಮೆಂಬರುಗಳೆಲ್ಲ ತಲೆ ಎತ್ಕೊಂಡು ಕೂತವ್ರೆ. ಮೀಟಿಂಗ್ ಮುಗಿದ ಮೇಲೆ ಊಟ ಮಾಡ್ತಾರೆ, ಆಗ ಸೊಪ್ಪು ಹಾಕು," ಎನ್ನುತ್ತಿದ್ದರು. ಇಲಾಖೆಯ ಕರಪತ್ರ ಓದಿ ಯಾರೂ ಕಲಿಯಲಿಲ್ಲ. ಇದನ್ನು ಕೇಳಿ ಕಲಿತರು.

ಇನ್ನು ನನ್ನ ಪಾಪದ ಕತೆ.

ನಮ್ಮ ಊರು ಯಲ್ದೂರಿನ ಪಕ್ಕ. ಅಪ್ಪ ಇರಲಿಲ್ಲ. ಒಂದು ಎಕರೆ ಹಿಪ್ಪುನೇರಳೆ ತೋಟ. ಅಮ್ಮ, ನಾನು, ಅವ್ವ. ಅವ್ವ ಅಂದರೆ ನಮ್ಮ ಕಡೆ ಅಜ್ಜಿ. ಆ ಸಲ ಹುಳ ನಾಲ್ಕೂ ಜ್ವರ ದಾಟಿ ಚೆನ್ನಾಗಿ ಬಂದಿತ್ತು. ಇನ್ನೆರಡು ದಿನ ಎನ್ನುವಾಗ ಅಮ್ಮ ತೋಟದಲ್ಲಿ ಜಾರಿ ಬಿದ್ದು ಮುಂಗೈ ಮುರಿದುಕೊಂಡಳು. ಹುಳ ಹಣ್ಣಾಗುವುದು ಎಂದರೆ ಮೈ ಅರಿಸಿನ ಬಣ್ಣಕ್ಕೆ ತಿರುಗಿ, ಸೊಪ್ಪು ಬಿಟ್ಟು, ತಲೆ ಆಡಿಸುತ್ತಾ ಗೂಡು ಕಟ್ಟಲು ಜಾಗ ಹುಡುಕುವುದು. ಆಗ ಒಂದೊಂದನ್ನೇ ಕೈಯಲ್ಲಿ ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ಬಿದಿರಿನ ತಟ್ಟಿಗೆ, ಬಿಡಬೇಕು. ತಡವಾದರೆ ನೂಲೆಲ್ಲ ತಟ್ಟೆಯಲ್ಲೇ ಉಗುಳಿ ಹಾಳು ಮಾಡುತ್ತವೆ. ಒಂದು ತಿಂಗಳ ದುಡಿಮೆ ಒಂದು ಬೆಳಿಗ್ಗೆಯಲ್ಲಿ ಹೋಗುತ್ತದೆ. ಊರಿನವರೆಲ್ಲ ಒಂದೇ ದಿನ ಮರಿ ತಂದಿದ್ದರಿಂದ ಎಲ್ಲರ ಹುಳವೂ ಒಟ್ಟಿಗೇ ಹಣ್ಣಾಗುತ್ತಿತ್ತು. ಕರೆದರೆ ಬರಲು ಯಾರಿಗೂ ಕೈ ಬಿಡುವಿಲ್ಲ.

ಶನಿವಾರ ಕಚೇರಿಯಲ್ಲಿ ನಾನು ಇದನ್ನು ಬೇರೆ ಯಾರಿಗೋ ಹೇಳುತ್ತಿದ್ದೆ, ಸಾರ್‌ಗಲ್ಲ. ಭಾನುವಾರ ಒಂಬತ್ತೂವರೆಗೆ ಅವರು ನಮ್ಮ ಮನೆ ಮುಂದೆ ಬೈಕು ನಿಲ್ಲಿಸಿ, ಕಾಲು ತೊಳೆದು, ಹುಳಕ್ಕೆ ರೋಗ ತಾಗದಿರಲೆಂದು ಬಾಗಿಲಲ್ಲಿ ಹಾಕಿದ್ದ ಸುಣ್ಣ ತುಳಿದು ಒಳಗೆ ಬಂದರು.

ಹುಳದ ಕಾಲದಲ್ಲಿ ನಮ್ಮ ಮನೆಯೆಲ್ಲ ಹುಳದ್ದೇ. ಟೀವಿಯನ್ನು ಹಳೇ ಸೀರೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ್ದೆವು. ಹತ್ತು ಗಂಟೆಗೆ ಸರಿಯಾಗಿ ಅವರು ತಲೆ ಎತ್ತಿ ಆ ಸೀರೆ ಗಂಟಿನ ಕಡೆ ಒಂದು ಸಲ ನೋಡಿದರು. ನಾನು ತಡೆಯಲಾರದೆ ಹೇಳಿದೆ.

"ಸಾರ್, ಪಕ್ಕದ್ಮನೆ ಹೊಲಿಗೆ ಶಾರದಕ್ಕ ಹುಳ ಸಾಕಲ್ಲ, ಅವರ ಮನೇಲಿ ಟೀವಿ ಐತೆ. ಅರ್ಧ ಗಂಟೆ ನೋಡ್ಕೊಂಡು ಬನ್ನಿ."

"ಹುಳ ಅರ್ಧ ಗಂಟೆ ಕಾಯ್ತದೇನಮ್ಮ?" ಎಂದು ತಲೆ ಬಗ್ಗಿಸಿದರು.

ಮಧ್ಯಾಹ್ನ ಮೂರರವರೆಗೆ ಆರಿಸಿದೆವು. ಒಂದು ಹುಳವೂ ಹಾಳಾಗಲಿಲ್ಲ. ಧಾರಾವಾಹಿ ಶುರುವಾದ ಮೇಲೆ ಅವರು ನೋಡದೆ ಬಿಟ್ಟ ಒಂದೇ ಒಂದು ಕಂತು ಅದು, ಅರವತ್ತೊಂದನೆಯದು.

ಸೋಮವಾರ ಅವರು ಕಚೇರಿಯಲ್ಲಿ ಮೇಜಿನಿಂದ ಮೇಜಿಗೆ ಹೋಗಿ, "ನಿನ್ನೆ ನೋಡಿದ್ರಾ? ಏನಾಯ್ತು?" ಎಂದು ಕೇಳಿದರು. ಯಾರೂ ನೋಡಿರಲಿಲ್ಲ. ಜವಾನರನ್ನು ಕೇಳಿದರು, ಎದುರಿನ ಟೀ ಅಂಗಡಿಯಲ್ಲಿ ಕೇಳಿದರು. ಆ ಕಾಲದಲ್ಲಿ ತಪ್ಪಿದ್ದು ತಪ್ಪಿತು, ಮತ್ತೆ ನೋಡುವ ದಾರಿ ಇರಲಿಲ್ಲ. ಮಧ್ಯಾಹ್ನ ಊಟದ ಡಬ್ಬಿ ತೆಗೆಯದೆ ಕೂತಿದ್ದ ಅವರ ಮುಖ ನನ್ನಿಂದ ನೋಡಲಾಗಲಿಲ್ಲ.

"ಸಾರ್, ಶಾರದಕ್ಕ ನೋಡಿದಾರೆ. ನಂಗೆ ಪೂರ್ತಿ ಹೇಳಿದ್ರು," ಅಂದುಬಿಟ್ಟೆ.

ಅವರು ಕುರ್ಚಿ ಎಳೆದುಕೊಂಡು ಎದುರಿಗೆ ಕೂತರು. ನೆಟ್ಟಗೆ.

ನಾನು ಹುಟ್ಟಿದಾಗಿನಿಂದ ಕತೆ ಕಟ್ಟಿದವಳಲ್ಲ. ಬಾಯಿಗೆ ಬಂದದ್ದು ನಮ್ಮ ಅವ್ವನ ಕತೆ. ನಮ್ಮ ಬೀದಿಯ ನೀರಿನ ಮೋಟಾರು ನೋಡಿಕೊಳ್ಳುತ್ತಿದ್ದವರು ಪ್ಯಾರೇಜಾನ್ ಚಾಚಾ. ಅವ್ವನದು ತೆಲುಗು ಬಾಯಿ, ಅವರದು ಉರ್ದು. ಒಮ್ಮೆ ತೊಟ್ಟಿ ತುಂಬಿ ನೀರು ಹೊರಗೆ ಹರಿಯತೊಡಗಿದಾಗ ಅವ್ವ ಮಾಳಿಗೆಯಿಂದ, "ಚಾಲು! ಚಾಲು!" ಎಂದು ಕೂಗಿಕೊಂಡಳು. ಸಾಕು, ನಿಲ್ಲಿಸು ಎಂದು. ಚಾಚಾಗೆ ಚಾಲೂ ಎಂದರೆ ಓಡುತ್ತಿದೆ ಎಂದರ್ಥ. ಅವರು ಕೆಳಗಿನಿಂದ ಬಹಳ ವಿಶ್ವಾಸದಿಂದ, "ಚಾಲೂನೇ ಐತೆ ಅಮ್ಮಾ!" ಎಂದರು. ಅವ್ವ ಇನ್ನೂ ಜೋರಾಗಿ "ಚಾಲು ರಾ ನಾಯ್ನಾ!" ಎಂದಳು. ಅವರು ಇನ್ನೂ ಜೋರಾಗಿ "ಚಾಲೂನೇ ಐತೆ!" ಎಂದರು. ನೀರು ಬೀದಿ ದಾಟಿ ಅರಳಿಕಟ್ಟೆ ಮುಟ್ಟಿತು.

ಇದನ್ನೇ ತೆಗೆದುಕೊಂಡು ಅಪಾರ್ಟ್‌ಮೆಂಟಿಗೆ ಹಾಕಿದೆ. ಲಿಫ್ಟ್ ಕೊನೆಗೂ ರಿಪೇರಿ ಆಯಿತು, ಎರಡನೇ ಮಹಡಿ ಪಂಕಜಮ್ಮನನ್ನು ಒಳಗೆ ಕೂರಿಸಿ ಮೆಕ್ಯಾನಿಕ್ಕು ಮೇಲೆ ಕೆಳಗೆ ಓಡಿಸಿದ, ಪಂಕಜಮ್ಮ ತಲೆ ತಿರುಗಿ "ಚಾಲು! ಚಾಲು!" ಎಂದು ಕೂಗಿದರು, ಅವನು "ಚಾಲೂನೇ ಐತೆ ಅಮ್ಮಾ!" ಎಂದು ಮತ್ತೆ ಗುಂಡಿ ಒತ್ತಿದ, ಹನ್ನೆರಡು ಸಲ ಹತ್ತಿ ಇಳಿದ ಮೇಲೆ ಲಿಫ್ಟ್ ಸುಟ್ಟು ಹೋಯಿತು, ಶೇಷಗಿರಿ 'ಲಿಫ್ಟ್ ಕೆಟ್ಟಿದೆ' ಎನ್ನುವ ಹಳೇ ಬೋರ್ಡನ್ನು ಒರೆಸಿ ಮತ್ತೆ ನೇತುಹಾಕಿದ ಎಂದೆ.

ಸಾರ್ ನಗಲಿಲ್ಲ. ಕಣ್ಣು ಕಿರಿದು ಮಾಡಿಕೊಂಡು ಕೇಳಿದರು. "ಪಂಕಜಮ್ಮ ಏನಂದ್ರು?"

"ಚಾಲು ಅಂದ್ರು ಸಾರ್."

"ಚಾಲು ಅಂದ್ರಾ?"

"ಹೂಂ ಸಾರ್."

ಆಮೇಲೆ ನಕ್ಕರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಹೊಟ್ಟೆ ಹಿಡಿದುಕೊಂಡು, ಕಣ್ಣೀರು ಒರೆಸಿಕೊಂಡು ನಕ್ಕರು. ಡಬ್ಬಿ ತೆಗೆದು ಊಟ ಮಾಡಿದರು. ನನಗೆ ಗೆದ್ದೆ ಅನಿಸಿತು.

ಗೆದ್ದದ್ದು ಎರಡು ದಿನ. ಬುಧವಾರ ಎಲ್ಲಿ ಅವರು ಶಾರದಕ್ಕನನ್ನೇ ಕೇಳುತ್ತಾರೋ ಎಂದು ಓಡಿ ಹೋಗಿ ಅವಳ ಕಾಲು ಹಿಡಿದೆ. "ನಾನು ಆವತ್ತು ಬೇರೆ ಚಾನೆಲ್‌ನಲ್ಲಿ ಸಿನಿಮಾ ನೋಡ್ತಿದ್ದೆ ಕಣೇ. ಆದ್ರೂ ಹೇಳು, ಬಾಯಿಪಾಠ ಮಾಡ್ಕೋತೀನಿ," ಅಂದಳು ಪುಣ್ಯಾತ್ಗಿತ್ತಿ. ಸಾರ್ ಅವಳನ್ನು ಕೇಳಲೇ ಇಲ್ಲ. ಬದಲಿಗೆ ಆ ಕಂತನ್ನು ಹೋದಲ್ಲೆಲ್ಲ ಹೇಳತೊಡಗಿದರು. ಅರವತ್ತೊಂದನ್ನು ಹೇಳಿದಷ್ಟು ಬೇರೆ ಯಾವುದನ್ನೂ ಹೇಳಲಿಲ್ಲ. ಯುಗಾದಿಗೆ ಬಂದ ನಮ್ಮ ಸೋದರತ್ತೆ, "ನಿಮ್ಮ ಆಫೀಸಿನೋರು ಒಂದು ಟೀವಿ ಕತೆ ಹೇಳಿದ್ರು ನೋಡು," ಎಂದು ನಮ್ಮ ಅವ್ವನ ಕತೆಯನ್ನೇ ನಮ್ಮ ಅವ್ವನಿಗೆ ಹೇಳಿದಳು. ಅವ್ವ ಬಿದ್ದು ಬಿದ್ದು ನಕ್ಕಳು. ಅದು ತನ್ನದೇ ಎಂದು ಅವಳಿಗೆ ಹೊಳೆಯಲಿಲ್ಲ.

ಮುಳಬಾಗಿಲಿನ ಆಚೆ ಗಡಿ ಹಳ್ಳಿಯ ನಾರಾಯಣಮ್ಮನ ಮನೆಗೆ ಒಮ್ಮೆ ನಾನೂ ಅವರ ಜೊತೆ ಹೋಗಬೇಕಾಗಿ ಬಂತು, ಜೀಪಿನಲ್ಲಿ, ರಿಜಿಸ್ಟರು ಹಿಡಿದುಕೊಂಡು. ಆಕೆಯ ಹುಳಕ್ಕೆಲ್ಲ ಸುಣ್ಣಕಟ್ಟು ರೋಗ ಬಂದು, ಒಂದೊಂದೂ ಸೀಮೆಸುಣ್ಣದ ಕಡ್ಡಿಯಂತೆ ಬೆಳ್ಳಗೆ ಸೆಟೆದಿತ್ತು. ಗುಂಡಿ ತೆಗೆಸಿ ಎಲ್ಲ ಹೂತ ಮೇಲೆ ಸಾರ್ ಅಲ್ಲಿಂದ ಹೊರಡಲಿಲ್ಲ. ಆಕೆಯ ಪಕ್ಕ ಜಗುಲಿಯ ಮೇಲೆ ಕೂತರು. "ಒಂದು ಅಪಾರ್ಟ್‌ಮೆಂಟ್ ಐತಮ್ಮ," ಎಂದು ಶುರು ಮಾಡಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. 'ಚಾಲು' ಎನ್ನುವ ಮಾತು ಬಂದಾಗ ಆ ಹೆಂಗಸು ಫಕ್ಕನೆ ನಕ್ಕಳು, ನಗುತ್ತಾ ನಗುತ್ತಾ ಅತ್ತಳು. ಬೆಳಗಿನಿಂದ ಅತ್ತಿರಲಿಲ್ಲವಂತೆ. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ನಿಮ್ಗೆ ಬುದ್ಧಿ ಐತಾ ಸಾರ್, ಇಂಥ ಹೊತ್ನಲ್ಲಿ ನಗಿಸ್ತೀರಾ?" ಎಂದು ಬೈದಳು. ಬೈದು, ಒಳಗೆ ಹೋಗಿ ಮಜ್ಜಿಗೆ ತಂದಳು.

ವಾಪಸು ಬರುವಾಗ ಜೀಪಿನಲ್ಲಿ ನಾನು ನಿಜ ಹೇಳಬೇಕೆಂದು ಬಾಯಿ ತೆರೆದೆ. ಅವರು ಕಿಟಕಿಯ ಆಚೆ ನೋಡುತ್ತಾ, "ಇದೊಂದು ಕಂತು ನಾನು ನೋಡಿಲ್ಲ ನೋಡಮ್ಮ, ಹೇಳಿ ಕೇಳಿದ್ದು. ಆದ್ರೂ ಎಲ್ಲಕ್ಕಿಂತ ಇದೇ ಚೆನ್ನಾಗೈತೆ," ಎಂದರು. ನಾನು ಬಾಯಿ ಮುಚ್ಚಿದೆ.

ಕೆಲವು ತಿಂಗಳಲ್ಲೇ ಧಾರಾವಾಹಿ ನಿಂತುಹೋಯಿತು. ಕೊನೆಯ ಕಂತು ಎಂದೂ ಹೇಳಲಿಲ್ಲ, ಒಂದು ಭಾನುವಾರ ಆ ಹೊತ್ತಿಗೆ ಅಡುಗೆ ಕಾರ್ಯಕ್ರಮ ಬಂತು. ಸಾರ್ ಚಾನೆಲ್‌ನವರಿಗೆ ಒಂದಾದ ಮೇಲೊಂದು ಕಾಗದ ಬರೆದರು. ನನ್ನ ಕೈಯಲ್ಲೇ ಟೈಪು ಮಾಡಿಸಿದರು, 'ಮಾನ್ಯರೇ' ಎಂದು ಶುರುವಾಗಿ 'ಲಿಫ್ಟ್ ರಿಪೇರಿ ಮಾಡುವ ಅಗತ್ಯವಿಲ್ಲ, ಕಂತು ಮುಂದುವರಿಸಿದರೆ ಸಾಕು' ಎಂದು ಮುಗಿಯುತ್ತಿದ್ದವು. ಉತ್ತರ ಬರಲಿಲ್ಲ. ಆದರೂ ಭಾನುವಾರ ಹತ್ತಕ್ಕೆ ಅವರ ಮನೆಯಲ್ಲಿ ಮಿಕ್ಸಿ ಓಡುತ್ತಿರಲಿಲ್ಲ. ಅಭ್ಯಾಸವಾಗಿಬಿಟ್ಟಿತ್ತು ಎಂದು ಅಕ್ಕ ಹೇಳುತ್ತಿದ್ದರು.

ಅವರು ನಿವೃತ್ತರಾಗಿ ಶಿವಾರಪಟ್ಟಣಕ್ಕೆ ಹೋದರು. ನನಗೆ ಕೋಲಾರಕ್ಕೆ ವರ್ಗವಾಯಿತು, ಮದುವೆಯಾಯಿತು, ಮಂಡಿ ಸವೆಯಿತು. ಹೋದ ವರ್ಷ ನನ್ನ ಮಗಳು ಫೋನು ಹಿಡಿದುಕೊಂಡು ಬಂದು, "ಅಮ್ಮಾ, ನೀನು ಹೇಳ್ತಿರ್ತೀಯಲ್ಲ, ಆ ಲಿಫ್ಟ್ ಸೀರಿಯಲ್ಲು, ಯಾರೋ ಎಲ್ಲಾ ಕಂತೂ ಹಾಕಿದಾರೆ," ಎಂದಳು. ಮೊದಲು ಒತ್ತಿದ್ದೇ ಅರವತ್ತೊಂದು. ಅದರಲ್ಲಿ ಲಿಫ್ಟಿನ ಸುದ್ದಿಯೇ ಇಲ್ಲ. ಯಾರದೋ ಹಾಲಿನ ಪ್ಯಾಕೆಟ್ಟು ಇನ್ಯಾರ ಮನೆಗೋ ಹೋಗಿ, ಅರ್ಧ ಗಂಟೆ ಅದೇ ರಗಳೆ. ನಿಜ ಹೇಳಬೇಕೆಂದರೆ ಸಪ್ಪೆ ಕಂತು.

ಸಾರ್‌ಗೆ ಕಾಯಿಲೆ ಎಂದು ಕೇಳಿದ್ದೆ. ಶ್ವಾಸಕೋಶದ ತೊಂದರೆ, ಮಾತಾಡಿದರೆ ದಮ್ಮು. ಈ ಕಂತುಗಳು ಅವರ ಕಣ್ಣಿಗೆ ಬಿದ್ದೇ ಬಿದ್ದಿರುತ್ತವೆ. ಇಪ್ಪತ್ತು ವರ್ಷ ಊರೂರಿಗೆ ಹೇಳಿದ ಕತೆ ಸುಳ್ಳೆಂದು ತಿಳಿದು ಆ ಮನುಷ್ಯ ಹೇಗಿರಬಹುದು? ಅದೂ ನಮ್ಮ ಹುಳ ಉಳಿಸಲು ಬಂದು ಕಳೆದುಕೊಂಡದ್ದಕ್ಕೆ ನಾನು ಕೊಟ್ಟದ್ದು ಸುಳ್ಳು. ಎರಡು ದಿನ ನಿದ್ದೆ ಬರಲಿಲ್ಲ. ಮೂರನೇ ದಿನ ರಜೆ ಹಾಕಿ ಮಾಲೂರು ಬಸ್ಸು ಹತ್ತಿದೆ.

ಮನೆಯ ಅಕ್ಕಪಕ್ಕವೆಲ್ಲ ಕಲ್ಲು ಕಡಿಯುವ ಸದ್ದು. ಅವರು ಪಡಸಾಲೆಯಲ್ಲಿ ದಿಂಬಿಗೆ ಒರಗಿ ಕೂತಿದ್ದರು. ಒರಗಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಮೈ ಅರ್ಧಕ್ಕೆ ಇಳಿದಿತ್ತು. ಮಡಿಲಲ್ಲಿ ಫೋನಿತ್ತು, ಅದರಲ್ಲಿ ಶೇಷಗಿರಿ ಕನ್ನಡಕ ಸರಿಮಾಡಿಕೊಳ್ಳುತ್ತಿದ್ದ.

"ಬಾಮ್ಮ, ಬಾ. ಎಪ್ಪತ್ತೆಂಟನೇ ಕಂತಲ್ಲಿದೀನಿ," ಎಂದರು.

ನಾನು ಕೂತೆ. ಅಕ್ಕ ಕಾಫಿ ತರಲು ಒಳಗೆ ಹೋದರು. ನೆಲ ನೋಡುತ್ತಾ ಕೇಳಿದೆ, "ಸಾರ್, ಅರವತ್ತೊಂದು ನೋಡಿದ್ರಾ?"

"ಇಲ್ಲ. ಅರವತ್ತಾದ ಮೇಲೆ ಅರವತ್ತೆರಡಕ್ಕೆ ಹೋದೆ."

"ಸಾರ್, ನಾನು ನಿಮ್ಗೆ ಒಂದು..."

"ಗೊತ್ತು ಕಣಮ್ಮ." ಉಸಿರು ತೆಗೆದುಕೊಳ್ಳಲು ನಿಂತರು. "ಅವತ್ತೇ ಗೊತ್ತಿತ್ತು. ನೀನು ಹೇಳ್ತಿದ್ದಂಗೇ ಗೊತ್ತಾಯ್ತು."

"ಹೆಂಗೆ ಸಾರ್?"

"ಪಂಕಜಮ್ಮ ಮೈಸೂರಿನೋರು. ಮೈಸೂರಿನೋರು ಸಾಕು ಅಂತಾರೆ. ಚಾಲು ಅಂತಾರೇನಮ್ಮ?" ಕೆಮ್ಮಿದರು, ಕೆಮ್ಮಿನ ನಡುವೆಯೇ ನಕ್ಕರು. "ಆ ಸೀರಿಯಲ್ ಬರೆದೋನಿಗೆ ಚಾಲು ಅಂದ್ರೆ ಸಾಕು ಅಂತ ಎಲ್ಲಿಂದ ಗೊತ್ತಿರ್ಬೇಕು? ನಮ್ಮ ಕಡೆಯೋರಿಗೆ ಮಾತ್ರ ಬರೋ ತಮಾಷೆ ಅದು. ಇದು ಯಲ್ದೂರು ಲಿಫ್ಟು ಅಂದ್ಕೊಂಡೆ."

ನನಗೆ ನಾಚಿಕೆಯೂ ಆಯಿತು, ಅಳುವೂ ಬಂತು. ಇಪ್ಪತ್ತು ವರ್ಷ ನಾನು ಅವರನ್ನು ನಂಬಿಸಿದ್ದೇನೆಂದು ತಿಳಿದಿದ್ದೆ. "ಗೊತ್ತಿದ್ದೂ ಊರೆಲ್ಲ ಹೇಳಿದ್ರಲ್ಲ ಸಾರ್. ಈಗ ನಿಜವಾದ್ದು ಸಿಕ್ಕಿದೆ, ನೋಡ್ಬಾರದಾ?"

"ಯಾಕೆ ನೋಡ್ಲಿ? ಮಿಕ್ಕಿದ್ದೆಲ್ಲ ಎಲ್ಲರಿಗೋಸ್ಕರ ಮಾಡಿದ್ದು ಕಣಮ್ಮ. ಅದೊಂದು ನಂಗೋಸ್ಕರ ಮಾಡಿದ್ದು."

ನಾನು ಸೆರಗಿನಲ್ಲಿ ಕಣ್ಣೊರೆಸಿಕೊಂಡೆ. ಅವರು ಫೋನು ಪಕ್ಕಕ್ಕಿಟ್ಟು, ದಿಂಬು ಬಿಟ್ಟು, ಎರಡೂ ಕೈ ಊರಿ ನೆಟ್ಟಗೆ ಕೂತರು. "ಹೇಳು. ನೀನೇ ಹೇಳಿ ಬಹಳ ವರ್ಷ ಆಯ್ತು."

ಹೇಳಿದೆ. ಕಾಫಿ ತಂದ ಅಕ್ಕ ಲೋಟ ಹಿಡಿದುಕೊಂಡು ಬಾಗಿಲಲ್ಲೇ ನಿಂತು ಕೇಳಿದರು. ಮಾತು ಮುಗಿಯುವವರೆಗೆ ಮೂವರಲ್ಲಿ ಯಾರೂ ನಗಲಿಲ್ಲ.

ಎರಡು ತಿಂಗಳಾದ ಮೇಲೆ ಹೋಗಿಬಿಟ್ಟರು.

ತಿಥಿ ಊಟಕ್ಕೆ ಶ್ರೀನಿವಾಸಪುರ, ಮುಳಬಾಗಿಲು ಕಡೆಯ ಹುಳ ಸಾಕುವವರು ಎರಡು ಟೆಂಪೋ ಮಾಡಿಕೊಂಡು ಬಂದಿದ್ದರು. ಮನೆಯ ಪಕ್ಕ ಶಾಮಿಯಾನ, ಉದ್ದಕ್ಕೆ ಎಲೆ. ಯಾರೂ ಜಾಸ್ತಿ ಮಾತಾಡುತ್ತಿರಲಿಲ್ಲ. ಕಲ್ಲಿನ ಕೆಲಸದವರೂ ಅವತ್ತು ಉಳಿ ಕೆಳಗಿಟ್ಟಿದ್ದರು. ಮನೆಯವರ ಕಡೆಯ ಒಬ್ಬಳು ಬೆಂಗಳೂರಿನ ಹುಡುಗಿ ಪಾಯಸ ಬಡಿಸುತ್ತಾ ಬಂದಳು. ನನ್ನ ಎದುರು ಸಾಲಿನ ಮುದುಕರೊಬ್ಬರು ಎಲೆಯ ಮೇಲೆ ಕೈ ಅಡ್ಡ ಹಿಡಿದು, "ಚಾಲು ತಲ್ಲಿ, ಚಾಲು," ಎಂದರು. ಹುಡುಗಿಗೆ ತಿಳಿಯಲಿಲ್ಲ, ಸೌಟು ಹಿಡಿದುಕೊಂಡು ನಿಂತಳು. ಆಗ ನಾಲ್ಕು ಎಲೆ ಆಚೆಯಿಂದ ಒಂದು ದನಿ, "ಚಾಲೂನೇ ಐತೆ ಅಮ್ಮಾ!" ಎಂದಿತು.

ಆಮೇಲೆ ಆ ಸಾಲು ನಕ್ಕಿತು, ಈ ಸಾಲು ನಕ್ಕಿತು. ತಿಥಿಯ ಊಟದಲ್ಲಿ ಜನ ಎಲೆ ಮುಂದೆ ಕೂತು ಕಣ್ಣೀರು ಒರೆಸಿಕೊಂಡು ನಕ್ಕರು. ದನಿ ನಾರಾಯಣಮ್ಮನದು. ತಲೆಯೆಲ್ಲ ನೆರೆತಿತ್ತು.

ಹುಡುಗಿ ಗಾಬರಿಯಾಗಿ, "ಏನಾಯ್ತು? ಏನದು?" ಎಂದಳು.

"ನಿಂಗೆ ಗೊತ್ತಿಲ್ಲಮ್ಮ, ನೀನಿನ್ನೂ ಹುಟ್ಟಿರ್ಲಿಲ್ಲ," ಎಂದಳು ನಾರಾಯಣಮ್ಮ. "ಟೀವಿನಾಗೆ ಬಂದಿತ್ತು. ನಾನೇ ನೋಡಿದೀನಿ, ಕಣ್ಣಾರೆ."

"ನಾನೂ ನೋಡಿದೀನಿ," ಎಂದರು ಪಾಯಸ ಬೇಡವೆಂದ ಮುದುಕರು. ಇನ್ನೂ ಇಬ್ಬರು ಮೂವರು ಹೌದು ಹೌದು ಎಂದು ತಲೆ ಆಡಿಸಿದರು.

ಕಂಬದ ಪಕ್ಕ ನಿಂತಿದ್ದ ಅಕ್ಕ ನನ್ನ ಕಡೆ ನೋಡಿದರು. ಅವರ ಕಣ್ಣು ತುಂಬಿತ್ತು, ತುಟಿಯಲ್ಲಿ ನಗು ಇತ್ತು. "ನಾನೂ ನೋಡಿದೀನಮ್ಮ," ಎಂದು ಆ ಹುಡುಗಿಗೆ ಹೇಳಿದರು.

"ಯಾವಾಗ ಬಂದಿತ್ತು ಆಂಟಿ?" ಎಂದು ಹುಡುಗಿ ನನ್ನನ್ನು ಕೇಳಿದಳು.

"ಒಂದು ಭಾನುವಾರ, ಬೆಳಿಗ್ಗೆ ಹತ್ತು ಗಂಟೆಗೆ," ಅಂದೆ. "ಎಲ್ಲರೂ ನೋಡಿದ್ರು. ನಮ್ಮ ಸಾರ್ ಒಬ್ಬರೇ ನೋಡ್ಲಿಲ್ಲ."